ಹಿಜಾಮದ ಕೊಂಬಿನಿಂದ ಲ್ಯಾಬಿನ ಸೂಜಿಯವರೆಗೆ

ಶಅಬಾನ್ ಬಂತೆಂದರೆ ಮಸೀದಿಯ ಮೆಟ್ಟಿಲಲ್ಲಿ ಒಂದು ಪ್ರಶ್ನೆ ಖಾಯಂ. "ಉಸ್ತಾದ್, ಉಪವಾಸ ಇರುವಾಗ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಉಪವಾಸ ಹೋಗುತ್ತದಾ?" ಕೇಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ಇಲ್ಲ, ಹೋಗುವುದಿಲ್ಲ ಎಂದು ಹೇಳಿದರೂ ಕೆಲವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಲ್ಯಾಬಿಗೆ ಹೋಗದಿರಲು ಒಂದು ಕಾರಣವೇನೋ ಎಂದು ನನಗೆ ಅನಿಸುತ್ತದೆ. ಈ ವಿಷಯದಲ್ಲಿ ಜುಮಾ ಖುತ್ಬಾದಲ್ಲಿ ಹತ್ತು ನಿಮಿಷ ಮಾತಾಡಿದ್ದೆ. ಮಾಸಿಕದ ಓದುಗರಿಗಾಗಿ ಅದರ ಹಿಂದಿನ ಚರಿತ್ರೆಯನ್ನೂ ಸೇರಿಸಿ ಬರೆಯುತ್ತಿದ್ದೇನೆ.

ದೇಹದಿಂದ ರಕ್ತ ತೆಗೆಯುವುದು ನಮ್ಮ ಪರಂಪರೆಗೆ ಹೊಸತಲ್ಲ. ಪ್ರವಾದಿ(ಸ)ರ ಕಾಲದ ಮದೀನಾದಲ್ಲಿ ಅಬೂ ತೈಬಾ ಎಂಬ ಗುಲಾಮರೊಬ್ಬರಿದ್ದರು. ಹಿಜಾಮ ಮಾಡುವುದು ಅವರ ಕಸುಬು. ಪ್ರವಾದಿ(ಸ)ರಿಗೂ ಅವರು ಹಿಜಾಮ ಮಾಡಿದರು. ಪ್ರವಾದಿ(ಸ)ರು ಅವರಿಗೆ ಕೂಲಿಯಾಗಿ ಆಹಾರ ಧಾನ್ಯ ಕೊಡಿಸಿದರು. ಅಷ್ಟೇ ಅಲ್ಲ, ಅವರ ಯಜಮಾನರೊಂದಿಗೆ ಮಾತಾಡಿ ಅವರು ದಿನಾ ಸಲ್ಲಿಸಬೇಕಾಗಿದ್ದ ಪಾಲನ್ನೂ ಕಡಿಮೆ ಮಾಡಿಸಿದರು. ಹದೀಸ್ ಗ್ರಂಥಗಳಲ್ಲಿ ಈ ಘಟನೆ ಹಿಜಾಮದ ಅಧ್ಯಾಯದಲ್ಲಿ ಮಾತ್ರವಲ್ಲ, ಕೂಲಿಯ ಅಧ್ಯಾಯದಲ್ಲೂ ಬರುತ್ತದೆ. ರಕ್ತ ತೆಗೆಯುವವರ ಶ್ರಮಕ್ಕೆ ಬೆಲೆ ಕಟ್ಟಿದ ಈ ಘಟನೆಯನ್ನು ಲ್ಯಾಬಿನಲ್ಲಿ ಬೆಳಗ್ಗಿನಿಂದ ನಿಂತೇ ಕೆಲಸ ಮಾಡುವ ಹುಡುಗ ಹುಡುಗಿಯರ ಮೇಲೆ ಸಿಟ್ಟಾಗುವವರೂ ಓದಬೇಕು.

ಉಪವಾಸದ ಪ್ರಶ್ನೆಯೂ ಅಂದಿನದ್ದೇ. ಇದರ ಬಗ್ಗೆ ಎರಡು ಬಗೆಯ ವರದಿಗಳಿವೆ. ಹಿಜಾಮ ಮಾಡಿದವನ ಮತ್ತು ಮಾಡಿಸಿಕೊಂಡವನ ಉಪವಾಸ ಮುರಿಯಿತು ಎಂಬ ಅರ್ಥದ ಹದೀಸ್ ಶದ್ದಾದ್ ಬಿನ್ ಔಸ್(ರ) ಮುಂತಾದವರಿಂದ ಬಂದಿದೆ. ಪ್ರವಾದಿ(ಸ)ರು ಉಪವಾಸದಲ್ಲಿರುವಾಗ ಹಿಜಾಮ ಮಾಡಿಸಿಕೊಂಡರು ಎಂದು ಇಬ್ನು ಅಬ್ಬಾಸ್(ರ) ವರದಿ ಮಾಡುತ್ತಾರೆ. ಇವೆರಡನ್ನು ಇಮಾಮ್ ಶಾಫಿಈ(ರ) ಬಿಡಿಸಿದ ರೀತಿ ಒಬ್ಬ ಚರಿತ್ರೆಕಾರನದ್ದು. ಶದ್ದಾದ್(ರ)ರ ವರದಿ ಮಕ್ಕಾ ವಿಜಯದ ವರ್ಷದ್ದು, ಅಂದರೆ ಹಿಜರಿ 8. ಇಬ್ನು ಅಬ್ಬಾಸ್(ರ)ರು ಇಹ್ರಾಮ್‌ನಲ್ಲಿದ್ದ ಪ್ರವಾದಿ(ಸ)ರ ಜೊತೆಗಿದ್ದದ್ದು ವಿದಾಯ ಹಜ್ಜ್‌ನಲ್ಲಿ, ಹಿಜರಿ 10ರಲ್ಲಿ. ಎರಡನೆಯದು ಆಮೇಲಿನದ್ದು, ಆದ್ದರಿಂದ ಅದುವೇ ನಿಲ್ಲುತ್ತದೆ ಎಂದರು. ಹನಫಿ, ಮಾಲಿಕಿ, ಶಾಫಿಈ ಮದ್ಹಬ್‌ಗಳ ಪ್ರಕಾರ ಹಿಜಾಮದಿಂದ ಉಪವಾಸ ಮುರಿಯುವುದಿಲ್ಲ. ಇಮಾಮ್ ಅಹ್ಮದ್(ರ)ರ ಮದ್ಹಬ್‌ನಲ್ಲಿ ಮುರಿಯುತ್ತದೆ. ಆದರೆ ಆ ಅಭಿಪ್ರಾಯವನ್ನು ಹಿಡಿದಿದ್ದ ಸೌದಿಯ ಶೈಖ್ ಇಬ್ನು ಬಾಝ್ ಅವರೂ ಪರೀಕ್ಷೆಗಾಗಿ ತೆಗೆಯುವ ಸ್ವಲ್ಪ ರಕ್ತದಿಂದ ಉಪವಾಸಕ್ಕೆ ತೊಂದರೆಯಿಲ್ಲ ಎಂದೇ ಹೇಳಿದ್ದಾರೆ. ನಮ್ಮ ಕರಾವಳಿಯ ಶಾಫಿಈಗಳಿಗಾಗಲಿ, ಘಟ್ಟದ ಮೇಲಿನ ಹನಫಿಗಳಿಗಾಗಲಿ ಇಲ್ಲಿ ಸಂಶಯಕ್ಕೆ ಜಾಗವಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅನಸ್(ರ)ರ ಉತ್ತರ. ಉಪವಾಸಿಗನಿಗೆ ಹಿಜಾಮ ಬೇಡವೆಂದು ನೀವು ಭಾವಿಸುತ್ತಿದ್ದಿರಾ ಎಂದು ಅವರನ್ನು ಕೇಳಲಾಯಿತು. ಇಲ್ಲ, ನಿಶ್ಶಕ್ತಿ ಉಂಟಾಗುತ್ತದೆ ಎಂಬ ಕಾರಣಕ್ಕೆ ಮಾತ್ರ ಎಂಬರ್ಥದ ಉತ್ತರ ಅವರಿಂದ ಬಂತು. ಅವರು ನೋಡಿದ್ದು ರಕ್ತ ಹೊರಬಂದದ್ದನ್ನಲ್ಲ, ಉಪವಾಸಿಗನ ದೇಹ ತಾಳುತ್ತದೆಯೇ ಎಂಬುದನ್ನು. ಈ ಅಳತೆಗೋಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆ ಕಾಲದಲ್ಲಿ ರಕ್ತ ತೆಗೆದರೆ ಅದು ಚಿಕಿತ್ಸೆಗಾಗಿ. ತೆಗೆದ ರಕ್ತದ ಬಣ್ಣ, ದಪ್ಪ ನೋಡುವ ವೈದ್ಯರಿದ್ದರು, ನೋಡಿದ ಮೇಲೆ ಅದನ್ನು ಚೆಲ್ಲುತ್ತಿದ್ದರು. ಹಿಂದಿನ ವೈದ್ಯಶಾಸ್ತ್ರವೆಲ್ಲ ಗ್ರೀಕ್ ವೈದ್ಯ ಗ್ಯಾಲನ್‌ನ ಪುಸ್ತಕಗಳ ಮೇಲೆ ನಿಂತಿತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕರಲ್ಲಿ ಯಾವುದೋ ಒಂದು ಹೆಚ್ಚಾದರೆ ಕಾಯಿಲೆ, ಹೆಚ್ಚಾದದ್ದನ್ನು ಹೊರಹಾಕಿದರೆ ಆರೋಗ್ಯ ಎಂಬುದು ಅದರ ಲೆಕ್ಕ. ಚರ್ಮದ ಮೇಲೆ ಸಣ್ಣ ಗೀರು ಹಾಕಿ ಕೊಂಬಿನಿಂದಲೋ ಬಟ್ಟಲಿನಿಂದಲೋ ರಕ್ತ ಎಳೆಯುವುದು ಹಿಜಾಮ. ರಕ್ತನಾಳವನ್ನೇ ಕೊಯ್ದು ರಕ್ತ ಹರಿಸುವುದು ಫಸ್ದ್. ಕೊರ್ಡೊಬಾದ ಅಝ್ಝಹ್ರಾವಿ ತನ್ನ 30 ಭಾಗಗಳ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗದಲ್ಲಿ ಇವೆರಡನ್ನೂ ವಿವರಿಸಿದ್ದಾರೆ, ಉಪಕರಣಗಳ ಚಿತ್ರಗಳನ್ನೂ ಬರೆದಿದ್ದಾರೆ.

ಫಸ್ದ್‌ಗೆ ವೈದ್ಯರು ಆರಿಸುತ್ತಿದ್ದದ್ದು ಹೆಚ್ಚಾಗಿ ಮೊಣಕೈಯ ಒಳಮಡಿಕೆ. ಇಂದು ಲ್ಯಾಬಿನವರು ರಬ್ಬರ್ ಪಟ್ಟಿ ಬಿಗಿದು ಹುಡುಕುವುದೂ ಅದೇ ಜಾಗವನ್ನು. ವೈದ್ಯಕೀಯ ವಿದ್ಯಾರ್ಥಿಗಳು ಇಂದು ಬೆಸಿಲಿಕ್, ಸೆಫಾಲಿಕ್ ಎಂದು ಕಲಿಯುವ ತೋಳಿನ ಎರಡು ರಕ್ತನಾಳಗಳು ಇಬ್ನು ಸೀನಾರ 'ಅಲ್ ಖಾನೂನ್' ಗ್ರಂಥದಲ್ಲಿ ಬಾಸಿಲೀಖ್, ಖೀಫಾಲ್ ಎಂಬ ಹೆಸರಲ್ಲಿವೆ. 12ನೇ ಶತಮಾನದಲ್ಲಿ ಆ ಗ್ರಂಥ ಅರಬಿಯಿಂದ ಲ್ಯಾಟಿನ್‌ಗೆ ಹೋಯಿತು, ಹೆಸರುಗಳೂ ಜೊತೆಗೆ ಹೋದವು. ಇವೆರಡರ ನಡುವಿನದ್ದು ಅಕ್‌ಹಲ್. ಆ ಹೆಸರು ಹದೀಸ್ ಓದಿದವರಿಗೆ ಗೊತ್ತು. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರಿಗೆ ಬಾಣ ತಾಗಿದ್ದು ಅದೇ ಅಕ್‌ಹಲ್‌ಗೆ.

ಹಿಂದಿನವರು ಗ್ಯಾಲನ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿದರು ಎಂದುಕೊಳ್ಳಬಾರದು. 10ನೇ ಶತಮಾನದ ಆರಂಭದವರೆಗೆ ಬದುಕಿದ್ದ ಅರ್ರಾಝಿ ಮಿದುಳಿನ ಊತದ ಲಕ್ಷಣಗಳಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ಫಸ್ದ್ ಮಾಡಿದರು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೇ ಬಿಟ್ಟರು, ನಂತರ ಎರಡನ್ನೂ ಹೋಲಿಸಿ ಫಸ್ದ್‌ನಿಂದ ಪ್ರಯೋಜನವಿದೆ ಎಂದು ಬರೆದಿಟ್ಟರು. ಇಂದಿನ ವೈದ್ಯರು ಆ ಕಾಯಿಲೆಗೆ ರಕ್ತ ಹರಿಸುವುದಿಲ್ಲ. ಅರ್ರಾಝಿಯವರ ತೀರ್ಮಾನ ನಿಲ್ಲಲಿಲ್ಲ. ಆದರೆ ಎರಡು ಗುಂಪು ಮಾಡಿ ಹೋಲಿಸುವ ಅವರ ಕ್ರಮ ಇಂದಿಗೂ ಔಷಧ ಪರೀಕ್ಷೆಯ ಬುನಾದಿ.

ಇನ್ನು ಇಬ್ನುನ್ನಫೀಸ್. ಇವರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ನನಗೆ ಆಸೆಯಿದೆ, ಯಾಕೆಂದರೆ ಇವರು ಮದ್ರಸಾದ ಮನುಷ್ಯ. ದಮಾಸ್ಕಸ್‌ನ ನೂರಿ ಆಸ್ಪತ್ರೆಯಲ್ಲಿ ವೈದ್ಯ ಕಲಿತರು, ಕೈರೋಗೆ ಬಂದು ವೈದ್ಯರೂ ಆದರು, ಮಸ್ರೂರಿಯ್ಯಾ ಮದ್ರಸಾದಲ್ಲಿ ಶಾಫಿಈ ಫಿಕ್ಹ್‌ನ ಅಧ್ಯಾಪಕರೂ ಆದರು. ಶಾಫಿಈ ವಿದ್ವಾಂಸರ ಚರಿತ್ರೆ ಬರೆದ ಇಮಾಮ್ ಸುಬ್ಕಿ ತಮ್ಮ ಗ್ರಂಥದಲ್ಲಿ ಇವರ ಹೆಸರನ್ನೂ ಸೇರಿಸಿದ್ದಾರೆ. ಗ್ಯಾಲನ್ ಹೇಳಿದ್ದು ಹೀಗಿತ್ತು: ಹೃದಯದ ಬಲಕೋಣೆಯ ರಕ್ತ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಎಡಕೋಣೆಗೆ ಜಿನುಗುತ್ತದೆ. ಇಬ್ನು ಸೀನಾರೂ ಅದನ್ನೇ ಒಪ್ಪಿದ್ದರು. 1242ರಲ್ಲಿ ಇಬ್ನು ಸೀನಾರ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇಬ್ನುನ್ನಫೀಸ್ ಇದನ್ನು ಅಲ್ಲಗಳೆದರು. ಆ ಗೋಡೆ ದಪ್ಪನೆಯದು, ಅದರಲ್ಲಿ ರಂಧ್ರವಿಲ್ಲ, ರಕ್ತ ಬಲಕೋಣೆಯಿಂದ ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಗಾಳಿಯೊಂದಿಗೆ ಬೆರೆತು ಎಡಕೋಣೆಗೆ ಬರುತ್ತದೆ ಎಂದರು. ಯುರೋಪಿನಲ್ಲಿ ಸರ್ವೆಟಸ್ ಈ ಮಾತು ಬರೆದದ್ದು 1553ರಲ್ಲಿ. ಇಡೀ ದೇಹದ ರಕ್ತ ಪರಿಚಲನೆಯನ್ನು ಹಾರ್ವಿ ವಿವರಿಸಿದ್ದು 1628ರಲ್ಲಿ.

ಬೇಸರದ ಸಂಗತಿಯೆಂದರೆ ಇಬ್ನುನ್ನಫೀಸ್‌ರ ಈ ಮಾತು ನಮ್ಮವರಿಗೇ ಮರೆತುಹೋಗಿತ್ತು. 1924ರಲ್ಲಿ ಜರ್ಮನಿಯಲ್ಲಿ ವೈದ್ಯಕೀಯ ಓದುತ್ತಿದ್ದ ಈಜಿಪ್ಟಿನ ಮುಹ್ಯಿದ್ದೀನ್ ಅತ್ತತಾವಿ ಎಂಬ ಯುವಕ ಬರ್ಲಿನ್‌ನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಓದಿ ತನ್ನ ಪ್ರಬಂಧದಲ್ಲಿ ಬರೆದಾಗಲೇ ಲೋಕಕ್ಕೆ ಗೊತ್ತಾದದ್ದು. ಎಲ್ಲವೂ ನಮ್ಮವರೇ ಕಂಡುಹಿಡಿದದ್ದು ಎಂದು ವೇದಿಕೆಯಲ್ಲಿ ಗುಡುಗುವ ಭಾಷಣಗಾರರು ಈ ಆರೂವರೆ ಶತಮಾನಗಳ ಮರೆವಿನ ಬಗ್ಗೆಯೂ ಒಂದು ಮಾತು ಹೇಳಿದರೆ ಒಳ್ಳೆಯದು. ಇಬ್ನುನ್ನಫೀಸ್ 1288ರಲ್ಲಿ ಕೈರೋದಲ್ಲಿ ತೀರಿಕೊಂಡರು. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು.

ರಕ್ತ ಹರಿಯುವ ದಾರಿ ಗೊತ್ತಾಯಿತು. ಆದರೆ ಅದರಲ್ಲಿ ಏನಿದೆ ಎಂದು ತಿಳಿಯಲು ಸೂಕ್ಷ್ಮದರ್ಶಕ ಬರಬೇಕಾಯಿತು. 17ನೇ ಶತಮಾನದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ರಕ್ತದ ಕೆಂಪು ಕಣಗಳನ್ನು ಕಂಡು ವಿವರಿಸಿದ. 1901ರ ಹೊತ್ತಿಗೆ ವಿಯೆನ್ನಾದ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಬೇರ್ಪಡಿಸಿದರು.

ಸಕ್ಕರೆ ಕಾಯಿಲೆಯ ಕಥೆ ಬೇರೆ ದಾರಿಯಲ್ಲಿ ಬಂತು. ನಮ್ಮ ದೇಶದ ಪುರಾತನ ವೈದ್ಯರು ಅದನ್ನು ಮೂತ್ರದಿಂದ ಗುರುತಿಸಿದ್ದರು, ಮಧುಮೇಹ ಎಂಬ ಹೆಸರೇ ಅದನ್ನು ಹೇಳುತ್ತದೆ. 1776ರಲ್ಲಿ ಲಿವರ್‌ಪೂಲ್‌ನ ಡಾಕ್ಟರ್ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಇಂಗಿಸಿ ಉಳಿದದ್ದು ಸಕ್ಕರೆ ಎಂದು ತೋರಿಸಿದರು. ರೋಗಿಯ ರಕ್ತದ ತಿಳಿನೀರನ್ನೂ ನಾಲಿಗೆಗೆ ಹಚ್ಚಿ ನೋಡಿ ಅದೂ ಸಿಹಿ ಎಂದು ಬರೆದರು. ಹಾಗಾದರೆ ಕಾಯಿಲೆ ಮೂತ್ರಪಿಂಡದ್ದು ಮಾತ್ರವಲ್ಲ, ಇಡೀ ದೇಹದ್ದು ಎಂಬುದು ಅಲ್ಲಿಂದ ಗೊತ್ತಾಯಿತು. ಮುಂದೆ ರಕ್ತದ ಸಕ್ಕರೆಯನ್ನು ಅಳೆಯುವ ವಿಧಾನಗಳು ಬಂದವು, 1920ರ ದಶಕದಲ್ಲಿ ಇನ್ಸುಲಿನ್ ಬಂತು.

ಆದರೂ ಒಂದು ತೊಡಕು ಉಳಿಯಿತು. ಖಾಲಿ ಹೊಟ್ಟೆಯ ಪರೀಕ್ಷೆ ಹೇಳುವುದು ಆ ಬೆಳಗಿನ ಸಕ್ಕರೆಯನ್ನು ಮಾತ್ರ. ಎರಡು ದಿನ ಅನ್ನ, ಸಿಹಿ ಬಿಟ್ಟು ಲ್ಯಾಬಿಗೆ ಹೋದರೆ ರಿಪೋರ್ಟ್ ಚೆನ್ನಾಗಿಯೇ ಬರಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಕಿತಾಬು ತೆರೆಯುವ ಮದ್ರಸಾ ಹುಡುಗರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಇದೂ ಹಾಗೆಯೇ. ಡಾಕ್ಟರಿಗೆ ಬೇಕಾಗಿದ್ದದ್ದು ಹಿಂದಿನ ಮೂರು ತಿಂಗಳ ಲೆಕ್ಕ.

ಆ ಲೆಕ್ಕ ರಕ್ತದಲ್ಲೇ ಬರೆದಿದೆ ಎಂಬ ಸುಳಿವು ಸಿಕ್ಕಿದ್ದು ಟೆಹ್ರಾನ್‌ನಲ್ಲಿ. ಕಂಡುಕೊಂಡವರು ಸಾಮುವೆಲ್ ರಹ್‌ಬರ್. 1929ರಲ್ಲಿ ಇರಾನಿನ ಹಮದಾನ್‌ನ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಇಬ್ನು ಸೀನಾ 1037ರಲ್ಲಿ ತೀರಿಕೊಂಡು ದಫನವಾಗಿರುವುದು ಇದೇ ಹಮದಾನ್‌ನಲ್ಲಿ. ರಹ್‌ಬರ್ ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಕೆಲವು ವರ್ಷ ರೋಗಿಗಳನ್ನು ನೋಡಿ, ಆಮೇಲೆ ಪ್ರಯೋಗಾಲಯಕ್ಕೆ ಮರಳಿದರು. ಅವರು ಹುಡುಕುತ್ತಿದ್ದದ್ದು ಸಕ್ಕರೆಯನ್ನಲ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ ವಂಶಪಾರಂಪರ್ಯವಾಗಿ ಬರುವ ದೋಷಗಳನ್ನು ಅವರು ಹುಡುಕುತ್ತಿದ್ದರು. ವಿಧಾನ ಹೀಗಿತ್ತು: ರಕ್ತದ ಹನಿಯನ್ನು ಜೆಲ್‌ನಂತಹ ಪದರದ ಮೇಲಿಟ್ಟು ವಿದ್ಯುತ್ ಹರಿಸುವುದು. ಬೇರೆ ಬೇರೆ ಬಗೆಯ ಹಿಮೋಗ್ಲೋಬಿನ್ ಬೇರೆ ಬೇರೆ ವೇಗದಲ್ಲಿ ಓಡಿ ಗೆರೆಗಳಾಗಿ ನಿಲ್ಲುತ್ತದೆ. ಸುಮಾರು 1,200 ರೋಗಿಗಳ ರಕ್ತವನ್ನು ಹೀಗೆ ನೋಡಿದಾಗ ಇಬ್ಬರಲ್ಲಿ ಮಾತ್ರ ಇರಬಾರದಾಗಿದ್ದ ಒಂದು ವೇಗದ ಗೆರೆ ಕಂಡಿತು. ವಿಚಾರಿಸಿದರೆ ಇಬ್ಬರೂ ಸಕ್ಕರೆ ಕಾಯಿಲೆಯವರು.

ಬೇರೊಬ್ಬರಾಗಿದ್ದರೆ ಯಂತ್ರದ ದೋಷವೆಂದು ಬಿಡುತ್ತಿದ್ದರೇನೋ. ರಹ್‌ಬರ್ ಬಿಡಲಿಲ್ಲ. ಇನ್ನೂ 47 ಮಂದಿ ಸಕ್ಕರೆ ಕಾಯಿಲೆಯವರ ರಕ್ತ ತರಿಸಿ ನೋಡಿದರು, ಎಲ್ಲರಲ್ಲೂ ಆ ಗೆರೆ ಇತ್ತು. 1968ರಲ್ಲಿ ಅದನ್ನು ಪ್ರಕಟಿಸಿದರು. ಬಳಿಕ ನ್ಯೂಯಾರ್ಕಿನಲ್ಲಿ ಹೆಲೆನ್ ರಾನಿ ಎಂಬ ವಿಜ್ಞಾನಿಯ ಜೊತೆ ಸೇರಿ ಆ ಗೆರೆ ಹತ್ತು ವರ್ಷ ಹಿಂದೆ, 1958ರಲ್ಲಿ, ಹಾಲೆಂಡಿನವರು ಬೇರ್ಪಡಿಸಿದ್ದ ಹಿಮೋಗ್ಲೋಬಿನ್ ಎ1ಸಿ ಎಂಬುದೇ ಎಂದು ಖಚಿತಪಡಿಸಿಕೊಂಡರು. ಇದುವೇ ಇಂದು ಪ್ರತಿ ಲ್ಯಾಬಿನ ಫಲಕದಲ್ಲಿ ಕಾಣುವ ಎಚ್‌ಬಿಎ1ಸಿ. ರಹ್‌ಬರ್ 1979ರಲ್ಲಿ ಅಮೆರಿಕಕ್ಕೆ ಹೋದರು, 2012ರಲ್ಲಿ ಅಲ್ಲೇ ತೀರಿಕೊಂಡರು. ಹುಟ್ಟೂರಿನ ಇಬ್ನು ಸೀನಾರ ಹೆಸರು ಗೊತ್ತಿರುವಷ್ಟು ಜನರಿಗೆ ಈ ಹಮದಾನಿನವರ ಹೆಸರು ಗೊತ್ತಿಲ್ಲ. ಜ್ಞಾನ ಯಾರ ಕೈಯಿಂದ ಬಂದರೂ ತೆಗೆದುಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಬಗ್ದಾದಿನಲ್ಲಿ ಗ್ಯಾಲನ್‌ನ ಪುಸ್ತಕಗಳನ್ನು ಅರಬಿಗೆ ತಂದ ಹುನೈನ್ ಬಿನ್ ಇಸ್‌ಹಾಕ್ ಕ್ರೈಸ್ತರಾಗಿದ್ದರು.

ಆ ಗೆರೆಯ ಅರ್ಥ ಸರಳ. ರಕ್ತದಲ್ಲಿ ತೇಲುವ ಸಕ್ಕರೆ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಅಂಟಿದ್ದು ಆ ಕಣ ಸಾಯುವವರೆಗೆ ಬಿಡುವುದಿಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ಎರಡು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ. ನಮ್ಮ ಅವಯವಗಳೇ ಸಾಕ್ಷಿ ಹೇಳುವ ಒಂದು ದಿನದ ಬಗ್ಗೆ ಕುರ್‌ಆನ್ ಎಚ್ಚರಿಸಿದೆ. ಈ ಪರೀಕ್ಷೆಯ ವಿಷಯ ಮೊದಲ ಬಾರಿ ಓದಿದಾಗ ನನಗೆ ಆ ಸೂಕ್ತಗಳೇ ನೆನಪಾದವು. ಇದು ವಿಜ್ಞಾನವನ್ನು ಕುರ್‌ಆನಿನಲ್ಲಿ ಹುಡುಕುವ ಮಾತಲ್ಲ, ಮನಸ್ಸಿಗೆ ಬಂದದ್ದನ್ನು ಹೇಳಿದೆ ಅಷ್ಟೆ.

1976ರಲ್ಲಿ ಅಮೆರಿಕದ ಸೆರಾಮಿ ಮತ್ತು ಅವರ ಸಂಗಡಿಗರು ಐದು ರೋಗಿಗಳನ್ನು ಆಸ್ಪತ್ರೆಯಲ್ಲಿರಿಸಿ, ಸಕ್ಕರೆ ಹತೋಟಿಗೆ ಬಂದ ಮೇಲೆ ಈ ಅಂಕಿಯೂ ಇಳಿಯುವುದನ್ನು ತೋರಿಸಿದರು. 1993ರಲ್ಲಿ 1,441 ರೋಗಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಂಕಿ ಕೆಳಗಿಟ್ಟುಕೊಂಡವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ಕಡಿಮೆ ಎಂದು ಅದು ತೋರಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದು ಗುರುತಿಸಬಹುದೆಂದು ಒಪ್ಪಿತು. ಹಾಗೆಂದು ಈ ಅಂಕಿಯೂ ಕೆಲವರಲ್ಲಿ ದಾರಿ ತಪ್ಪಿಸುತ್ತದೆ. ರಕ್ತಹೀನತೆ, ಥಲಸ್ಸೇಮಿಯಾ ಇದ್ದವರು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಕೆಂಪು ಕಣದ ಆಯುಷ್ಯ ಹೆಚ್ಚು ಕಡಿಮೆಯಾದರೆ ಲೆಕ್ಕವೂ ಹೆಚ್ಚು ಕಡಿಮೆಯಾಗುತ್ತದೆ.

ಇಷ್ಟೆಲ್ಲ ರಕ್ತ ತೆಗೆದರು ಎಂದು ಮುಖ ಸಣ್ಣದು ಮಾಡಿಕೊಳ್ಳುವವರಿಗೆ ಒಂದು ಲೆಕ್ಕ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಒಂದು ಕೊಳವೆಗೆ ಬೇಕಾಗುವುದು ಕೆಲವು ಮಿಲಿಲೀಟರ್. ಎರಡು ಮೂರು ಕೊಳವೆ ತುಂಬಿಸುವುದು ರಕ್ತದ ಆಸೆಗಲ್ಲ. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದಿದೆ, ಕಣಗಳ ಎಣಿಕೆಗೂ ಎಚ್‌ಬಿಎ1ಸಿಗೂ ಅದು ಬೇಕು. ಬೂದು ಮುಚ್ಚಳದ್ದರಲ್ಲಿ ಕಣಗಳು ಸಕ್ಕರೆಯನ್ನು ತಿಂದು ಮುಗಿಸದಂತೆ ತಡೆಯುವ ಮದ್ದಿದೆ, ಸಕ್ಕರೆ ಅಳೆಯಲು ಅದು. ಮೂತ್ರಪಿಂಡ, ಪಿತ್ತಕೋಶ, ಕೊಬ್ಬಿನ ಪರೀಕ್ಷೆಗಳಿಗೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು ಬೇಕು.

ಈಗ ಅನಸ್(ರ)ರ ಅಳತೆಗೋಲಿಗೆ ಬರುತ್ತೇನೆ. 2001ರಲ್ಲಿ ಭಾರತವೂ ಸೇರಿ 13 ದೇಶಗಳಲ್ಲಿ ಸಕ್ಕರೆ ಕಾಯಿಲೆಯಿರುವ 12,243 ಮುಸ್ಲಿಮರ ಅಧ್ಯಯನ ನಡೆಯಿತು. ಚಿಕ್ಕಂದಿನಿಂದ ಇನ್ಸುಲಿನ್ ಬೇಕಾಗುವ ಮೊದಲ ಬಗೆಯವರಲ್ಲಿ ಶೇ. 43 ಮಂದಿ, ಎರಡನೇ ಬಗೆಯವರಲ್ಲಿ ಶೇ. 79 ಮಂದಿ ರಮಝಾನ್‌ನಲ್ಲಿ ಕನಿಷ್ಠ 15 ದಿನ ಉಪವಾಸ ಮಾಡಿದ್ದರು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಸಕ್ಕರೆ ಕುಸಿಯುವ ಪ್ರಮಾಣ ಬೇರೆ ತಿಂಗಳುಗಳಿಗೆ ಹೋಲಿಸಿದರೆ ಮೊದಲ ಬಗೆಯವರಲ್ಲಿ ಸುಮಾರು 4.7 ಪಟ್ಟು, ಎರಡನೇ ಬಗೆಯವರಲ್ಲಿ 7.5 ಪಟ್ಟು ಏರಿತ್ತು. ರೋಗಿಗಳಿಗೆ ಉಪವಾಸದಲ್ಲಿ ಅಲ್ಲಾಹನು ಕೊಟ್ಟ ರಿಯಾಯಿತಿ ಅಲ್ ಬಕರಾ ಅಧ್ಯಾಯದಲ್ಲಿದೆ, ಎಲ್ಲರಿಗೂ ಬಾಯಿಪಾಠ. ಆದರೆ ಆ ರಿಯಾಯಿತಿ ತನಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಒಬ್ಬ ಸಕ್ಕರೆ ರೋಗಿ ತಿಳಿಯುವುದು ಹೇಗೆ? ಜ್ವರವಾದರೆ ಮೈ ಬಿಸಿಯಾಗುತ್ತದೆ, ಕಾಲು ಮುರಿದರೆ ನೋವಾಗುತ್ತದೆ. ಸಕ್ಕರೆ ಬಹಳ ಕಾಲ ಸದ್ದು ಮಾಡುವುದಿಲ್ಲ. ದೇಹ ತಾಳುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದು ರಕ್ತ. ನಂಬಿಗಸ್ತ ವೈದ್ಯರ ಮಾತನ್ನು ಪುರಾವೆಯಾಗಿ ತೆಗೆದುಕೊಳ್ಳಬೇಕೆಂದು ಫಿಕ್ಹ್ ಗ್ರಂಥಗಳು ಹೇಳುತ್ತವೆ. ಆ ವೈದ್ಯರು ಇಂದು ನೋಡುವುದು ಈ ರಿಪೋರ್ಟನ್ನೇ.

ಆದ್ದರಿಂದ ಪರೀಕ್ಷೆಗೆ ಸರಿಯಾದ ಸಮಯ ಶಅಬಾನ್, ಅದಕ್ಕಿಂತ ಮೊದಲಾದರೆ ಇನ್ನೂ ಒಳ್ಳೆಯದು. ರಿಪೋರ್ಟ್ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ ಉಪವಾಸ ಮಾಡಬಹುದೇ, ಮಾತ್ರೆ ಇನ್ಸುಲಿನ್ ಹೇಗೆ ಬದಲಿಸಬೇಕು ಎಂದು ಕೇಳಬೇಕು. ಮಾತ್ರೆಯ ಸಮಯವನ್ನು ತಾವೇ ಬದಲಿಸಿಕೊಳ್ಳುವುದು, ಅಥವಾ ಹಿಜಾಮ ಮಾಡಿಸಿದ್ದೇನೆ ಸಾಕು ಎಂದು ಕೂರುವುದು ಬೇಡ. ಹಿಜಾಮ ಮಾಡಿಸಿಕೊಳ್ಳಿ, ಅದಕ್ಕೆ ತಡೆಯಿಲ್ಲ. ಆದರೆ ಬಟ್ಟಲಿಗೆ ಬಂದ ರಕ್ತ ನಿಮ್ಮ ಸಕ್ಕರೆ ಎಷ್ಟೆಂದು ಹೇಳುವುದಿಲ್ಲ.

ಉಪವಾಸದ ಹಗಲಲ್ಲಿ ಬೆರಳು ಚುಚ್ಚಿ ನೋಡುವುದರಿಂದಲೂ ಉಪವಾಸ ಮುರಿಯುವುದಿಲ್ಲ. ಹಾಗೆ ನೋಡಿದಾಗ ಅಂಕಿ 70ಕ್ಕಿಂತ ಕೆಳಗಿದ್ದರೆ ಅಥವಾ 300 ದಾಟಿದ್ದರೆ ಆಗಲೇ ಉಪವಾಸ ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ಮಗ್ರಿಬ್‌ಗೆ ಅರ್ಧ ಗಂಟೆ ಉಳಿದಿದ್ದರೂ ಬಿಡಬೇಕು. ಬಿಟ್ಟ ದಿನವನ್ನು ಮುಂದೆ ಗುಣವಾದಾಗ ಹಿಡಿಯಬಹುದಾದವರು ಖಝಾ ಮಾಡಬೇಕು. ಇನ್ನು ಉಪವಾಸವೇ ಸಾಧ್ಯವಿಲ್ಲ, ಗುಣವಾಗುವ ನಿರೀಕ್ಷೆಯೂ ಇಲ್ಲ ಎಂದು ವೈದ್ಯರು ಹೇಳಿದವರು ದಿನಕ್ಕೊಂದರಂತೆ ಫಿದ್ಯಾ ಕೊಡಬೇಕು. ಶಾಫಿಈಗಳಿಗೆ ಒಂದು ಮುದ್ದ್ ಅಕ್ಕಿ, ಹನಫಿಗಳಿಗೆ ಅರ್ಧ ಸಾಅ್ ಗೋಧಿ ಅಥವಾ ಅದರ ಬೆಲೆ. ಲೆಕ್ಕ ಗೊತ್ತಾಗದಿದ್ದರೆ ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ, ರಮಝಾನ್‌ನ ಮೊದಲ ಚಂದ್ರದರ್ಶನಕ್ಕೆ ಮುಂಚೆಯೇ ಕೇಳಿ.